‘ಮಾತು ಹೋಗಿದೆ’ ಅಂದರೆ ಹೋಗಿರುವುದು ಯಾವುದು?

ಲಕ್ವ ಹೊಡೆದವರನ್ನು ಕರೆತಂದ ಮನೆಯವರು ಹೇಳುವುದು ಒಂದೇ: ‘ಮಾತು ಹೋಗಿದೆ.’ ಕೇಸ್ ಶೀಟಿನಲ್ಲಿ ಅದಕ್ಕೆ ಕನಿಷ್ಠ ನಾಲ್ಕು ಹೆಸರುಗಳಿವೆ. ಭಾಷೆಯೇ ಕೆಟ್ಟಿದ್ದರೆ ಅಫೇಸಿಯಾ. ಭಾಷೆ ಸರಿಯಿದ್ದು, ತುಟಿ-ನಾಲಿಗೆಗಳ ಬಲವೋ ಹಿಡಿತವೋ ತಪ್ಪಿದ್ದರೆ ಡಿಸಾರ್ಥ್ರಿಯಾ. ಬಲವಿದ್ದೂ ಯಾವ ಶಬ್ದಕ್ಕೆ ಬಾಯಿ ಹೇಗೆ ತಿರುಗಬೇಕೆಂದು ತಡಕಾಡಿದರೆ ಅಪ್ರಾಕ್ಸಿಯಾ. ದನಿಯಷ್ಟೇ ಕೆಟ್ಟಿದ್ದರೆ ಡಿಸ್ಫೋನಿಯಾ. ಎರಡು ಒಟ್ಟಿಗಿರುವುದೂ ಮಾಮೂಲು.

ಇವುಗಳಲ್ಲಿ ಯಾವುದೆಂದು ತಿಳಿಯಲು ನಾನು ಮಾಡುವ ಪರೀಕ್ಷೆಗೆ ಮುಂಚೆ ರೋಗಿಗೆ ಕನ್ನಡಕ, ಕಿವಿಯ ಮಷಿನ್, ಹಲ್ಲು ಸೆಟ್ ಹಾಕಿಸುತ್ತೇನೆ. ಮನೆಮಾತು ಯಾವುದು, ಎಷ್ಟು ಓದಿದ್ದಾರೆ ಎಂದು ಕೇಳಿಕೊಳ್ಳುತ್ತೇನೆ. ಮನೆಯಲ್ಲಿ ತುಳು ಆಡುವವರನ್ನು ಕನ್ನಡದಲ್ಲಷ್ಟೇ ನೋಡಿದರೆ ಅಂಕ ಸುಮ್ಮನೆ ಇಳಿಯುತ್ತದೆ. ಅಕ್ಷರವೇ ಕಲಿಯದವರಿಗೆ ‘ಅಗ್ರಾಫಿಯಾ’ (ಬರೆಯುವ ಶಕ್ತಿ ಹೋಗಿದೆ) ಎಂದು ಬರೆದ ವರದಿಗಳೂ ಕಣ್ಣಿಗೆ ಬೀಳುತ್ತವೆ!

ಮೊದಲು ಅರ್ಥವಾಗುತ್ತಿದೆಯೇ ಎಂದು ನೋಡುವುದು. ‘ಬಾಗಿಲು ತೋರಿಸಿ’ ಎನ್ನುವಾಗ ನನ್ನ ಕಣ್ಣು ಬಾಗಿಲ ಕಡೆ ಹೋಗಬಾರದು. ಹೋದರೆ ರೋಗಿ ನೋಡುವುದು ನನ್ನ ಕಣ್ಣನ್ನು, ಕೇಳುವುದು ಮಾತನ್ನಲ್ಲ. ಹೌದು-ಅಲ್ಲ ಪ್ರಶ್ನೆ 10, ಅದರಲ್ಲಿ 5ಕ್ಕೆ ‘ಅಲ್ಲ’ ಉತ್ತರ. ‘ಕಲ್ಲು ನೀರಲ್ಲಿ ತೇಲುತ್ತಾ?’ ಎಂದು ಕೇಳಿ, ಸ್ವಲ್ಪ ಬಿಟ್ಟು ‘ಮುಳುಗುತ್ತಾ?’ ಎಂದೂ ಕೇಳಬೇಕು. ಎಲ್ಲಕ್ಕೂ ತಲೆಯಾಡಿಸುವವರಿಗೂ 10ಕ್ಕೆ 5 ಬಂದೇ ಬರುತ್ತದೆ. ಮಾತು ಸರಾಗವಾಗಿ ಹರಿದು ತಲೆಬುಡ ಸಿಗದಿದ್ದರೆ, ಕೇಳಿದ್ದೂ ಅರ್ಥವಾಗದಿದ್ದರೆ, ಅದು ವರ್ನಿಕೆ ಅಫೇಸಿಯಾ. ಮನೆಯವರು ಇದನ್ನೇ ‘ಬುದ್ಧಿ ಕೆಟ್ಟಿದೆ’ ಎನ್ನುವುದು.

ಆಮೇಲೆ ಹೆಸರು ಹೇಳಿಸುವುದು: ಬೀಗದಕೈ, ಬಾಚಣಿಗೆ, ಲೋಟ. ತಪ್ಪನ್ನು ‘ತಪ್ಪು’ ಎಂದಷ್ಟೇ ಗುರುತು ಹಾಕದೆ ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತೇನೆ. ಲೋಟಕ್ಕೆ ‘ತಟ್ಟೆ’ ಅಂದರೆ ಸಿಮ್ಯಾಂಟಿಕ್ ಪ್ಯಾರಾಫೇಸಿಯಾ, ಅಂದರೆ ಅರ್ಥದಲ್ಲಿ ನಂಟಿರುವ ಬೇರೆ ಪದ ಬರುವುದು. ಬಾಚಣಿಗೆ ‘ಬಾಣಚಿಗೆ’ಯಾದರೆ ಫೊನೀಮಿಕ್, ಪದ ಅದೇ, ಒಳಗಿನ ಶಬ್ದಗಳು ಅದಲುಬದಲು. ಮಾತು ತಡೆತಡೆದು ಒಂದೊಂದೇ ಪದವಾಗಿ ಬರುವ ಬ್ರೋಕಾ ಅಫೇಸಿಯಾದಲ್ಲಿ ವಿಭಕ್ತಿ ಪ್ರತ್ಯಯ ಉದುರುವುದನ್ನು ಗಮನಿಸಬೇಕು: ‘ಮಗ… ಬೆಂಗಳೂರು… ಬಸ್ಸು.’ ಫ್ರೆಂಚ್ ವೈದ್ಯ ಬ್ರೋಕಾ 1861ರಲ್ಲಿ ಪ್ಯಾರಿಸ್‌ನಲ್ಲಿ ವಿವರಿಸಿದ ರೋಗಿಯ ಬಾಯಲ್ಲಿ ಬಹುಪಾಲು ‘ಟಾನ್’ ಒಂದೇ ಉಳಿದಿತ್ತು. ನಮ್ಮಲ್ಲಿ ‘ಅದೇ, ಅದೇ’ ಎನ್ನುವುದೊಂದೇ ಉಳಿದವರು ಸಿಗುತ್ತಾರೆ. ಹೇಳಿಕೊಟ್ಟದ್ದನ್ನು ತಿರುಗಿ ಹೇಳಿಸುವುದನ್ನು ಬಿಡಬಾರದು. ಅರ್ಥವಾಗುತ್ತದೆ, ಮಾತೂ ಹರಿಯುತ್ತದೆ, ಹೇಳಿಕೊಟ್ಟದ್ದು ಮಾತ್ರ ಬರುವುದಿಲ್ಲ ಎಂದರೆ ಕಂಡಕ್ಷನ್ ಅಫೇಸಿಯಾ.

ಡಿಸಾರ್ಥ್ರಿಯಾ-ಅಪ್ರಾಕ್ಸಿಯಾ ಬೇರ್ಪಡಿಸಲು ಒಂದೇ ಉದ್ದ ಪದವನ್ನು ಮೂರು ಸಲ ಹೇಳಿಸುತ್ತೇನೆ, ‘ಮನೆಯವರೆಲ್ಲರೂ’ ಥರದ್ದು. ಮೂರು ಸಲವೂ ಹೆಚ್ಚುಕಡಿಮೆ ಒಂದೇ ರೀತಿ ತೊದಲಿದರೆ ಡಿಸಾರ್ಥ್ರಿಯಾ ಕಡೆ ವಾಲುತ್ತೇನೆ. ಶಬ್ದ ಶುರುಮಾಡಲು ಬಾಯಿ ತಡಕಾಡುತ್ತಾ, ಹೇಳಿದ್ದನ್ನು ತಾನೇ ತಿದ್ದಿಕೊಳ್ಳುತ್ತಾ, ಒಂದರಿಂದ ಹತ್ತು ಎಣಿಸುವಾಗ ಮಾತ್ರ ಸಲೀಸಾದರೆ ಅಪ್ರಾಕ್ಸಿಯಾ.

ಇನ್ನು ತುಟಿ-ನಾಲಿಗೆ ಎಷ್ಟು ಬೇಗ ಆಡುತ್ತವೆಂದು ನೋಡಲು ‘ಪಪಪ’, ‘ತತತ’, ‘ಕಕಕ’: ಒಂದೊಂದೂ 5 ಸೆಕೆಂಡ್. ಫೋನಿನಲ್ಲಿ ರೆಕಾರ್ಡ್ ಮಾಡಿ ಆಮೇಲೆ ಎಣಿಸುವುದು ವಾಸಿ. ಆರೋಗ್ಯವಂತ ವಯಸ್ಕರು ಸೆಕೆಂಡಿಗೆ ಸುಮಾರು 5ರಿಂದ 7 ಅಕ್ಷರ ಹೇಳುತ್ತಾರೆ. ಮೂರನ್ನೂ ಕೂಡಿಸಿ ಹೇಳಿಸುವಾಗ ‘ಪತಕ’ವೋ ‘ಪಟಕ’ವೋ ಎಂದು ವರದಿಯಲ್ಲಿ ಬರೆಯಬೇಕು. ಕನ್ನಡದಲ್ಲಿ ತ, ಟ ಬೇರೆ ಬೇರೆ ಜಾಗದ ಶಬ್ದ. ಈ ಸಲ ಒಂದು, ಮುಂದಿನ ಸಲ ಇನ್ನೊಂದು ಹೇಳಿಸಿದರೆ ಹೋಲಿಕೆಗೆ ಬೆಲೆಯಿಲ್ಲ. ಉಸಿರು, ದನಿ ಹೇಗಿವೆ ಎಂದು ತಿಳಿಯಲು ಒಂದೇ ಉಸಿರಿನಲ್ಲಿ ‘ಆ’ ಎಳೆಯುವುದನ್ನು ಮೂರು ಸಲ ನೋಡಿ ಅತಿ ಉದ್ದದ್ದನ್ನು ದಾಖಲಿಸುತ್ತೇನೆ.

ಪದದ ಗೊಂದಲದಿಂದ ನಿಜವಾಗಿ ಅಪಾಯವಾಗುವುದು ಒಂದು ಕಡೆ: ಡಿಸ್ಫೇಸಿಯಾ ಮತ್ತು ಡಿಸ್ಫೇಜಿಯಾ. ಮೊದಲನೆಯದು ಭಾಷೆಯದು, ಅಫೇಸಿಯಾದ ಇನ್ನೊಂದು ಹೆಸರು; ಎರಡನೆಯದು ನುಂಗುವುದರದು. ಇಂಗ್ಲಿಷ್ ಬರವಣಿಗೆಯಲ್ಲೂ ಒಂದೇ ಅಕ್ಷರದ ವ್ಯತ್ಯಾಸ. ಗೀಚಿದ ಕೈಬರಹದಲ್ಲಿ ಎರಡನೆಯದನ್ನು ಮೊದಲನೆಯದೆಂದು ಓದಿ ಬಾಯಿಗೆ ನೀರು ಕೊಟ್ಟರೆ ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಹಾಗಾಗಿ ಡಿಸ್ಫೇಸಿಯಾ ಎಂಬ ಪದವನ್ನೇ ನಾನು ಬರೆಯುವುದಿಲ್ಲ. ಸೌಮ್ಯವಿದ್ದರೂ ‘ಅಫೇಸಿಯಾ, ಸೌಮ್ಯ’ ಎನ್ನುತ್ತೇನೆ. ನುಂಗುವ ತೊಂದರೆಯಿದ್ದರೆ ಶೀಟಿನ ಜೊತೆಗೆ ಮಂಚದ ತಲೆದೆಸೆಯಲ್ಲೂ ದಪ್ಪ ಅಕ್ಷರದ ಚೀಟಿ: ‘ಬಾಯಿಗೆ ನೀರು, ಕಾಫಿ ಕೊಡಬೇಡಿ.’