ಹೊಳೆಯಲ್ಲಿ ನಡೆಯಲು ಹೋಗುವವರಿಗೆ

ಗೋವಾದಲ್ಲಿರುವ ನಮ್ಮವರೇ, ಈಜು ಬರಲ್ಲ ಅಂತ ನೀರಿನಿಂದ ದೂರ ಇದ್ದೀರಾ? ಗೈಡ್ ಜೊತೆ ಹೊಳೆಯಲ್ಲಿ ನಡೆದು ನೋಡಿ. ಮೊಣಕಾಲುದ್ದ ನೀರು, ನಿಧಾನ ನಡಿಗೆ, ಅಷ್ಟೇ. ಸತ್ತರಿ ಕಡೆ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಇದು ನಮ್ಮ ಖಾನಾಪುರದ ಕಾಡಲ್ಲಿ ಹುಟ್ಟಿದ ಮಹದಾಯಿ ಅಂತ ಹೇಳಿದ್ದೇ ತಡ, ಬೊಗಸೆ ತುಂಬ ನೀರೆತ್ತಿ ಮುಖಕ್ಕೆ ಹಾಕಿಕೊಂಡರು.

ಚಪ್ಪಲಿ ಬೇಡ, ಲೇಸ್ ಇರುವ ಶೂ ಹಾಕಿ. ಪಾಚಿ ಕಟ್ಟಿದ ಕಲ್ಲು ತುಂಬಾ ಜಾರುತ್ತದೆ. ಕೈಯಲ್ಲಿ ಕೋಲು, ಮೈಮೇಲೆ ಲೈಫ್ ಜಾಕೆಟ್ ಇರಲಿ. ದಾಟುವಾಗ ನೀರು ಬರುವ ಕಡೆ ಮುಖ ಮಾಡಿ, ಅಡ್ಡಡ್ಡ ಹೆಜ್ಜೆ ಇಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ. ಬೇರೆ ದಿನಗಳಲ್ಲೂ ತಿಳಿನೀರು ಇದ್ದಕ್ಕಿದ್ದಂತೆ ಕೆಂಪಗಾಗಿ, ಎಲೆ ಕಡ್ಡಿ ತೇಲಿ ಬಂದರೆ ಮೇಲೆಲ್ಲೋ ಜೋರು ಮಳೆಯಾಗಿರಬಹುದು. ಫೋಟೋ ಬಿಟ್ಟು ಮೊದಲು ದಡ ಹತ್ತಿ.