ಹಾಸನದ ವೇದಿಕೆ, ಹಲವು ದೇಶಗಳ ಹಾಡು: ನೇರ ಪ್ರಸಾರದ ಸ್ಪರ್ಧೆಯನ್ನು ಕಟ್ಟುವ ಬಗೆ

ಹಲವು ದೇಶಗಳ ಗಾಯಕರು ಒಂದೇ ವೇದಿಕೆಯಲ್ಲಿ ಹಾಡಿ, ಆಯಾ ದೇಶದವರು ಮನೆಯಲ್ಲಿ ಟಿವಿ ನೋಡುತ್ತಲೇ ಅಂಕ ಕೊಡುವ ಸ್ಪರ್ಧೆಗಳಿಗೆಲ್ಲ ಯುರೋವಿಷನ್ನೇ ಹಿರಿಯಣ್ಣ. 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಏಳು ದೇಶಗಳೊಂದಿಗೆ ಆರಂಭವಾದ ಈ ಸ್ಪರ್ಧೆ 1993ರಲ್ಲಿ ನಡೆದದ್ದು ಐರ್ಲೆಂಡಿನ ಮಿಲ್‌ಸ್ಟ್ರೀಟ್‌ನಲ್ಲಿ. ಸುಮಾರು 1,500 ಜನರಿದ್ದ ಆ ಪುಟ್ಟ ಊರಿನ ಕುದುರೆ ಸವಾರಿಯ ಅಂಗಳವೇ ಸಭಾಂಗಣವಾಯಿತು. ಬ್ರಿಟನ್ನಿನ ವಾರ್ತಾವಾಚಕರೊಬ್ಬರು ಅದನ್ನು ದನದ ಕೊಟ್ಟಿಗೆ ಎಂದು ಹೀಯಾಳಿಸಿದ್ದೂ ಉಂಟು. ಅಷ್ಟು ಚಿಕ್ಕ ಊರಿಗೆ ಸಾಧ್ಯವಾದದ್ದನ್ನು ಹೊರದೇಶಗಳ ಕನ್ನಡ ಸಂಘಗಳಿಂದ ತಲಾ ಒಬ್ಬ ಗಾಯಕರನ್ನು ಕರೆಸಿ, ಸಣ್ಣ ಪ್ರಮಾಣದಲ್ಲಿ ಹಾಸನದಲ್ಲಿಯೂ ಮಾಡಬಹುದು. 1982ರಿಂದ ಇನ್ಸಾಟ್ ಉಪಗ್ರಹಗಳನ್ನು ನಿಯಂತ್ರಿಸುತ್ತ ಬಂದ ಊರಿಗೆ ನೇರ ಪ್ರಸಾರವೆಂದರೆ ಅಂಜಿಕೆ ಇರಬಾರದು.

ಮೊದಲು ದಿನಾಂಕವನ್ನು ಗೊತ್ತುಮಾಡಿಕೊಳ್ಳಬೇಕು. ಮಳೆಗಾಲದ ಮಾತೇ ಬೇಡ. ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ಬಾಗಿಲು ತೆರೆದಿರುವಷ್ಟು ದಿನ ಊರಿನಲ್ಲಿ ಒಂದು ಕೋಣೆಯೂ ಸಿಗುವುದಿಲ್ಲ. ನನ್ನ ಲೆಕ್ಕದಲ್ಲಿ ಧನುರ್ಮಾಸವೇ ಪ್ರಶಸ್ತ. ಮದುವೆಗಳಿಲ್ಲದ ಕಾರಣ ಶಾಮಿಯಾನದವರು, ಸೌಂಡ್‌ನವರು, ಜನರೇಟರ್, ಅಡುಗೆಯವರು ಎಲ್ಲರೂ ಬಿಡುವಾಗಿರುತ್ತಾರೆ. ಆದರೆ ಡಿಸೆಂಬರ್ ಕೊನೆಯ ವಾರದಲ್ಲಿ ಸಕಲೇಶಪುರದ ಕಡೆಗೆ ಹೋಗುವ ಪ್ರವಾಸಿಗರ ದಟ್ಟಣೆ ಇರುವುದರಿಂದ, ಹೊಸ ವರ್ಷ ಕಳೆದ ಮೇಲೆ ಸಂಕ್ರಾಂತಿಗೆ ಮುಂಚಿನ ಒಂದು ಶನಿವಾರವನ್ನು ಹಿಡಿಯುವುದು ಒಳ್ಳೆಯದು. ಸಂಜೆ 5.30ಕ್ಕೆ ಆರಂಭಿಸಿದರೆ ಆಗ ದುಬೈನಲ್ಲಿ ಸಂಜೆ 4, ಲಂಡನ್ನಿನಲ್ಲಿ ಮಧ್ಯಾಹ್ನ 12, ಸಿಂಗಪುರದಲ್ಲಿ ರಾತ್ರಿ 8, ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 7 ಗಂಟೆ. ಕ್ಯಾಲಿಫೋರ್ನಿಯಾದವರು ಮಾತ್ರ ನಸುಕಿನ 4ಕ್ಕೆ ಏಳಬೇಕಾಗುತ್ತದೆ. ಎಲ್ಲರಿಗೂ ಒಪ್ಪುವ ಗಳಿಗೆ ಭೂಮಿಯ ಮೇಲೆ ಇಲ್ಲ.

ಜಾಗದ ವಿಷಯದಲ್ಲಿ ಬಯಲಿನ ಆಸೆಯನ್ನು ಬಿಡುವುದು ಮೇಲು. ಜನವರಿಯ ಇಬ್ಬನಿ ಎಲ್‌ಇಡಿ ಪರದೆಗೂ ಹಾಡುವ ಗಂಟಲಿಗೂ ಆಗದು. ಹೊರಗೆ ರಾತ್ರಿ 10ರ ನಂತರ ಧ್ವನಿವರ್ಧಕಕ್ಕೆ ನಿರ್ಬಂಧವೂ ಇದೆ. ಹಾಸನಾಂಬ ಕಲಾಕ್ಷೇತ್ರದಂಥ ಮುಚ್ಚಿದ ಸಭಾಂಗಣವೇ ಸಾಕು. ದೀಪಗಳನ್ನು ಚಾವಣಿಗೆ ತೂಗುಹಾಕಬೇಡಿ. ಎಂಜಿನಿಯರ್ ಬಂದು ಭಾರದ ಲೆಕ್ಕ ಹಾಕಿ ಕೊಡದ ಹೊರತು ನೆಲದಿಂದಲೇ ಟ್ರಸ್, ಅಂದರೆ ಲೋಹದ ಚೌಕಟ್ಟು, ಎಬ್ಬಿಸಿ ಅದಕ್ಕೆ ಕಟ್ಟಿಸಿ. ಕ್ಯಾಮೆರಾಗಳ ಜಾಗ ನಿಗದಿಯಾಗುವ ತನಕ ಒಂದು ಟಿಕೆಟ್ಟನ್ನೂ ಹಂಚಬಾರದು. ಇಲ್ಲವಾದರೆ ಗಣ್ಯರ ಸಾಲಿನ ನಡುವೆ ಟ್ರೈಪಾಡ್ ನಿಲ್ಲಿಸುವ ಪಾಡು ಬರುತ್ತದೆ, ಗಣ್ಯರನ್ನು ಎಬ್ಬಿಸುವುದಕ್ಕಿಂತ ಟ್ರಸ್ ಎಬ್ಬಿಸುವುದೇ ಸುಲಭ.

ಇನ್ನು ಈ ಕೆಲಸದ ಜೀವಾಳ. ಅದು ಹಾಡಿನಲ್ಲಿ ಇರುವುದಿಲ್ಲ, ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನ ಮುಕ್ಕಾಲು ನಿಮಿಷದಲ್ಲಿ ಇರುತ್ತದೆ. ಕೆಲವು ವರ್ಷಗಳ ಹಿಂದೆ ಗಣೇಶೋತ್ಸವದ ಹಾಡಿನ ಸ್ಪರ್ಧೆಯೊಂದನ್ನು ಯೂಟ್ಯೂಬಿನಲ್ಲಿ ನೇರ ಬಿತ್ತರಿಸುವ ಹೊಣೆಯನ್ನು ನಾನು ಹೊತ್ತಿದ್ದೆ. ನಾಲ್ಕನೆಯ ಗಾಯಕಿ ಬಾಯಿ ತೆರೆದಾಗ ಅವರ ಕೈಯಲ್ಲಿದ್ದ ಮೈಕ್ ಮೂಕವಾಗಿತ್ತು. ಕೆಂಪು ಟೇಪು ಸುತ್ತಿದ್ದ ಎರಡು ಮೈಕ್‌ಗಳಿದ್ದವು, ಧ್ವನಿ ಹೊಂದಿಸುವ ಮಿಕ್ಸರ್‌ನಲ್ಲಿ ತೆರೆದಿದ್ದುದು ಇನ್ನೊಂದರ ಚಾನೆಲ್ಲು. ಟೇಪು ಸುತ್ತಿದವನು ನಾನೇ. ನಿರೂಪಕರು "ಇನ್ನೇನು ಕೆಲವೇ ಕ್ಷಣಗಳಲ್ಲಿ" ಎಂದು ಐದು ಸಲ ಹೇಳುವಷ್ಟರಲ್ಲಿ ಪರದೆಯ ಮೂಲೆಯಲ್ಲಿದ್ದ ನೋಡುಗರ ಸಂಖ್ಯೆ ಅರ್ಧಕ್ಕೆ ಇಳಿದಿತ್ತು. ಎದುರಿಗೆ ಕುಳಿತವರು ಕಡ್ಲೆಪುರಿ ತಿನ್ನುತ್ತಾ ಕಾಯುತ್ತಾರೆ, ಮಸ್ಕತ್ತಿನಲ್ಲಿ ಕುಳಿತವರು ಕಾಯುವುದಿಲ್ಲ.

ಯುರೋವಿಷನ್ನಿನವರು ಈ ಸಂದುಗಳನ್ನು ಪೋಸ್ಟ್‌ಕಾರ್ಡ್ ಎಂದು ಕರೆಯುವ ಕಿರುಚಿತ್ರಗಳಿಂದ ತುಂಬುತ್ತಾರೆ. ನಾವೂ ಪ್ರತಿ ಗಾಯಕರಿಗೆ 45 ಸೆಕೆಂಡಿನ ಒಂದೊಂದು ಚಿತ್ರವನ್ನು ಮೊದಲೇ ತೆಗೆದಿಟ್ಟುಕೊಳ್ಳಬೇಕು: ಬೇಲೂರಿನ ದೇವಾಲಯದ ಜಗತಿಯ ಮೇಲೆ ಒಬ್ಬರು, ಗೊರೂರಿನ ಹೇಮಾವತಿ ಅಣೆಕಟ್ಟಿನ ಬಳಿ ಒಬ್ಬರು, ಕಾಫಿ ಒಣಗುವ ಕಣದಲ್ಲಿ ಇನ್ನೊಬ್ಬರು. ಬೇಲೂರು, ಹಳೇಬೀಡುಗಳಲ್ಲಿ ಚಿತ್ರೀಕರಣಕ್ಕೆ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಅನುಮತಿ ಬೇಕಾಗುವುದರಿಂದ ಅರ್ಜಿಯನ್ನು ತಿಂಗಳುಗಳ ಮೊದಲೇ ಹಾಕಿಕೊಳ್ಳಿ. ಚಿತ್ರ ಓಡುವ ಆ 45 ಸೆಕೆಂಡಿನಲ್ಲಿ ವೇದಿಕೆ ಬದಲಾಗಬೇಕು. ಹೊಸ ಸಾಮಾನು ಎಡಗಡೆಯಿಂದಲೇ ಬರಬೇಕು, ಹಳೆಯದು ಬಲಗಡೆಗೇ ಹೋಗಬೇಕು. ಭಾರದ್ದೆಲ್ಲ ಗಾಲಿಯ ಮೇಲಿರಬೇಕು. ಒಬ್ಬರಿಗೆ ಒಂದೇ ವಸ್ತುವಿನ ಹೊಣೆ. ನೆಲದ ಮೇಲೆ ಬಣ್ಣದ ಟೇಪಿನಿಂದ ಗುರುತು ಹಾಕಿ ಪಕ್ಕದಲ್ಲೇ ಗಾಯಕರ ಕ್ರಮಸಂಖ್ಯೆಯನ್ನು ಬರೆಯಿರಿ. ಮೈಕ್‌ಗಳಿಗೆ ಬಣ್ಣದ ಜೊತೆಗೆ ಅಂಕಿಯೂ ಇರಲಿ. ಪ್ರತಿ ಹಾಡಿಗೆ ಮುಂಚೆ ತೆರೆಯ ಹಿಂದೆಯೇ ಗಾಯಕರಿಂದ ಎರಡು ಮಾತು ಆಡಿಸಿ, ಮಿಕ್ಸರ್‌ನವರು ಹೆಡ್‌ಫೋನಿನಲ್ಲಿ ಕೇಳಿ "ಸಿಕ್ಕಿತು" ಎಂದ ಮೇಲೆಯೇ ಅವರನ್ನು ವೇದಿಕೆಗೆ ಬಿಡಿ.

ಹಾಡು ಮೂರು ನಿಮಿಷ ಮೀರಬಾರದು, ವೇದಿಕೆಯ ಮೇಲೆ ಆರಕ್ಕಿಂತ ಹೆಚ್ಚು ಜನ ಇರಬಾರದು, ಮುಖ್ಯ ಗಾಯನ ನೇರವಾಗಿಯೇ ಇರಬೇಕು, ವಾದ್ಯಗಳು ಮುದ್ರಿತ ಟ್ರ್ಯಾಕಿನಲ್ಲಿರಬೇಕು ಎಂಬ ಯುರೋವಿಷನ್ ನಿಯಮಗಳನ್ನು ಹಾಗೆಯೇ ಎತ್ತಿಕೊಳ್ಳಬಹುದು. ತಬಲಾ ಹಾರ್ಮೋನಿಯಂ ಇಲ್ಲದ್ದು ಯಾವ ಸೀಮೆಯ ಸುಗಮ ಸಂಗೀತ ಎಂದು ಹಿರಿಯರು ಮುನಿಸಿಕೊಳ್ಳುವುದು ಖಂಡಿತ, ಆ ಮುನಿಸಿನಲ್ಲಿ ನ್ಯಾಯವೂ ಇದೆ. ಅಲ್ಲಿಯೂ 1998ರವರೆಗೆ ವಾದ್ಯವೃಂದ ಇತ್ತು. ಆದರೆ ಪ್ರತಿ ಗಾಯಕರ ಪಕ್ಕವಾದ್ಯಕ್ಕೂ ಹೊಸದಾಗಿ ಮೈಕ್ ಹೊಂದಿಸುತ್ತ ಹೋದರೆ 45 ಸೆಕೆಂಡು 5 ನಿಮಿಷವಾಗುತ್ತದೆ. ಮೊದಲ ವರ್ಷ ಟ್ರ್ಯಾಕೇ ಇರಲಿ.

ಬೆಳಕು ಮತ್ತು ಧ್ವನಿಯನ್ನು ಜನರೇಟರ್ ಮೇಲೇ ನಡೆಸಿ, ಇನ್ನೊಂದು ಜನರೇಟರನ್ನು ಬದಲಿಗೆ ನಿಲ್ಲಿಸಿಕೊಳ್ಳಿ. ಮಿಕ್ಸರ್ ಮತ್ತು ಪ್ರಸಾರದ ಕಂಪ್ಯೂಟರ್‌ಗಳಿಗೆ ಯುಪಿಎಸ್ ಇರಲಿ. ಇಂಟರ್‌ನೆಟ್ಟಿಗೆ ಬೇರೆ ಬೇರೆ ಕಂಪನಿಗಳ ಎರಡು ಲೈನ್ ಬೇಕು. ಹಿಂದಿನ ರಾತ್ರಿ ಉಡುಪು, ಬೆಳಕು, ನಿರೂಪಣೆ ಸಮೇತ ಪೂರ್ತಿ ತಾಲೀಮು ನಡೆಸಿ ಅದನ್ನು ಮುದ್ರಿಸಿಕೊಳ್ಳಿ. 2021ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಐಸ್‌ಲ್ಯಾಂಡ್ ತಂಡದ ಸದಸ್ಯರೊಬ್ಬರಿಗೆ ಕೋವಿಡ್ ತಗುಲಿದಾಗ ತಾಲೀಮಿನ ಮುದ್ರಣವನ್ನೇ ಪ್ರಸಾರ ಮಾಡಲಾಯಿತು. ಆ ತಂಡ ನಾಲ್ಕನೆಯ ಸ್ಥಾನ ಪಡೆಯಿತು. ಅಡಚಣೆಯಾದರೆ ಮತ್ತೆ ಹಾಡಲು ಅವಕಾಶ ಯಾವಾಗ ಎಂಬುದನ್ನೂ ಮೊದಲೇ ಬರೆದಿಡಿ. 2010ರಲ್ಲಿ ಓಸ್ಲೋದಲ್ಲಿ ಸ್ಪೇನಿನ ಹಾಡಿನ ನಡುವೆ ಹೊರಗಿನವನೊಬ್ಬ ವೇದಿಕೆಗೆ ನುಗ್ಗಿದ್ದರಿಂದ ಕೊನೆಯಲ್ಲಿ ಅವರಿಗೆ ಇನ್ನೊಮ್ಮೆ ಹಾಡಲು ಬಿಟ್ಟರು.

ಅಂಕಗಳಿಗೆ 1975ರಿಂದ ಅಲ್ಲಿ ನಡೆದುಬಂದ ಕ್ರಮವೇ ಚೆನ್ನು: ಮೆಚ್ಚಿದ ಹಾಡಿಗೆ 12, ನಂತರದ್ದಕ್ಕೆ 10, ಆಮೇಲೆ 8ರಿಂದ 1ರವರೆಗೆ, ಯಾರೂ ತಮ್ಮ ದೇಶಕ್ಕೆ ತಾವೇ ಅಂಕ ಕೊಡುವಂತಿಲ್ಲ. ತೀರ್ಪುಗಾರರು ಹಿಂದಿನ ರಾತ್ರಿಯ ತಾಲೀಮನ್ನು ನೋಡಿಯೇ ಅಂಕ ಹಾಕಿದರೆ ಅವರ ಪಟ್ಟಿ ಮೊದಲೇ ಕೈಗೆ ಬಂದಿರುತ್ತದೆ, ನೇರ ಪ್ರಸಾರದ ದಿನ ಜನರ ಮತಗಳನ್ನಷ್ಟೇ ಎಣಿಸಿದರೆ ಆಯಿತು. ಸಮಬಲವಾದರೆ ಏನು ಎಂಬುದನ್ನು ಬರೆಯದೆ ಬಿಟ್ಟಿದ್ದರಿಂದ 1969ರಲ್ಲಿ ನಾಲ್ಕು ದೇಶಗಳನ್ನು ಒಟ್ಟಿಗೆ ವಿಜೇತರೆಂದು ಘೋಷಿಸಬೇಕಾಯಿತು. ಜನರ ಮತ ಹೆಚ್ಚು ಪಡೆದವರೇ ಮೇಲು ಎಂದು ಬರೆದುಬಿಡಿ. ವಿಡಿಯೊದಲ್ಲಿ ಅಂಕ ಹೇಳುವ ಪ್ರತಿನಿಧಿಗಳನ್ನು ಕೂರಿಸಿ ಸುಳ್ಳು ಅಂಕಗಳೊಂದಿಗೆ ಎರಡು ಬಾರಿ ಅಭ್ಯಾಸ ಮಾಡಿಸಿ. ಯಾರದಾದರೂ ಸಂಪರ್ಕ ಕಡಿದರೆ ನಿರೂಪಕರೇ ಓದುವಂತೆ ಆ ಅಂಕಪಟ್ಟಿ ಅವರ ಕೈಯಲ್ಲಿ ಇರಬೇಕು.

ಗೆದ್ದವರು ಕೊನೆಗೆ ಅದೇ ಹಾಡನ್ನು ಮತ್ತೊಮ್ಮೆ ಹಾಡುವುದು ವಾಡಿಕೆ. ಗೆಲ್ಲುವವರು ಯಾರೆಂದು ತಿಳಿಯದಿರುವುದರಿಂದ ಎಲ್ಲರ ಟ್ರ್ಯಾಕೂ ತೆರೆದಿರಬೇಕು, ಸಾಮಾನು ಹೊರುವ ಹುಡುಗರು ಊಟಕ್ಕೆ ಹೋಗಿರಬಾರದು, ಆ ಕೊನೆಯ ಹಾಡಿಗೆ ಕೊಡುವ ಮೈಕ್‌ಗೆ ಹೊಸ ಬ್ಯಾಟರಿ ಹಾಕಿರಬೇಕು.