ಕೆಂಪು ಇದೆ, ಹಸಿರು ಇಲ್ಲ

ಶಿರಸಿಯ ಮಳೆಗಾಲದಲ್ಲಿ ಹಣ್ಣಿನ ನೊಣ ಸಾಕುವುದು ಅಂದರೆ ಮೊದಲು ಬೂಷ್ಟಿನ ಜೊತೆ ಜಗಳ. ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟ್, ಅಗರ್ ಹಾಕಿ ಕುದಿಸಿ ಬಾಟಲಿಗೆ ಹೊಯ್ದರೆ ಮೂರೇ ದಿನಕ್ಕೆ ಮೇಲೆ ಬಿಳಿ ಪದರ. ‘ಎಂತದಾ ತಮಾ, ನೊಣಕ್ಕೂ ಅಡಿಗೆಯಾ?’ ಅಂತ ಆಯಿ ಫೋನಲ್ಲಿ ನಗುತ್ತಿದ್ದಳು.

ನನಗೆ ಬೇಕಿದ್ದದ್ದು ಆ ನೊಣದ ಮಿದುಳು. ಎಲ್ಲ ನರಕೋಶದಲ್ಲೂ ಅದೇ ಡಿಎನ್ಎ, ಅವೇ ಸುಮಾರು 14,000 ಜೀನ್. ಯಾವುದು ಎಲ್ಲಿ ಕೆಲಸ ಮಾಡಬೇಕು ಅಂತ ಹೇಳುವುದು ಜೀನಿನ ಅಕ್ಕಪಕ್ಕ, ಕೆಲವು ಸಲ ಒಳಗೇ ಇರುವ ಎನ್‌ಹಾನ್ಸರ್ ತುಣುಕುಗಳು. ಇದನ್ನು ಕಣ್ಣಾರೆ ನೋಡಲು ಬ್ರಾಂಡ್ ಮತ್ತು ಪೆರಿಮನ್ ಎಂಬ ವಿಜ್ಞಾನಿಗಳು 1993ರಲ್ಲಿ ತೋರಿಸಿದ ದಾರಿಯೇ ಈಗಲೂ ನಮಗೆ ದಾರಿ. ಒಂದು ನೊಣದಲ್ಲಿ ಆ ತುಣುಕಿನ ಪಕ್ಕ ಯೀಸ್ಟಿನ ಗಾಲ್4 ಜೀನ್; ಇನ್ನೊಂದರಲ್ಲಿ ಯುಎಎಸ್, ಅಂದರೆ ಗಾಲ್4 ಪ್ರೋಟೀನ್ ಬಂದು ಕೂತರೆ ಮುಂದಿನ ಜೀನನ್ನು ಹೊತ್ತಿಸುವ ಡಿಎನ್ಎ ತುಣುಕು, ಅದರ ಮುಂದೆ ಹಸಿರಾಗಿ ಹೊಳೆಯುವ ಪ್ರೋಟೀನ್ ಜಿಎಫ್‌ಪಿಯ ಜೀನ್. ಎರಡನ್ನೂ ಕೂಡಿಸಿದರೆ, ತುಣುಕು ಎಲ್ಲಿ ‘ಹೂಂ’ ಅನ್ನುತ್ತದೋ ಮರಿಗಳಲ್ಲಿ ಆ ಕೋಶ ಮಾತ್ರ ಹಸಿರು.

ನಾನು ಹಿಡಿದದ್ದು ಟಿಎಚ್-ಗಾಲ್4 ಎಂಬ ಲೈನ್, ಅಂದರೆ ಟಿಎಚ್ ಜೀನಿನ ತುಣುಕಿನ ಪಕ್ಕ ಗಾಲ್4 ಇರುವ ನೊಣದ ತಳಿ. ಟಿಎಚ್ ಅಂದರೆ ನರಕೋಶಗಳು ಸಂದೇಶ ಕಳಿಸಲು ಬಳಸುವ ಡೋಪಮಿನ್ ಎಂಬ ರಾಸಾಯನಿಕ ತಯಾರಿಸಲು ಬೇಕಾದ ಕಿಣ್ವ. ಅಂದಮೇಲೆ ಡೋಪಮಿನ್ ಕೋಶಗಳೆಲ್ಲ ಹಸಿರಾಗಬೇಕು, ಅಲ್ವಾ? ತಾಳೆ ನೋಡಲು ಟಿಎಚ್‌ಗೆ ಮಾತ್ರ ಅಂಟುವ ಆಂಟಿಬಾಡಿಯಿಂದ ಅವೇ ಕೋಶಗಳಿಗೆ ಕೆಂಪು ಬಣ್ಣವನ್ನೂ ಕೊಟ್ಟೆ. ಇದನ್ನು ನೋಡಲು ಬೇಕಾದ ಕಾನ್‌ಫೋಕಲ್ ಸೂಕ್ಷ್ಮದರ್ಶಕ ನಮ್ಮಲ್ಲಿಲ್ಲ. ಸ್ಲೈಡುಗಳನ್ನು ಬೆಳಕು ತಾಗದ ಹಾಗೆ ಸುತ್ತಿ, ಟಿಫಿನ್ ಡಬ್ಬಿಯಲ್ಲಿಟ್ಟು, ರಾತ್ರಿ ಬಸ್ಸಲ್ಲಿ ಮಡಿಲಲ್ಲೇ ಹಿಡಿದುಕೊಂಡು ಬೆಂಗಳೂರಿಗೆ ಹೋದೆ.

ಸ್ಕ್ರೀನಿನಲ್ಲಿ ಸುಮಾರು ಗುಂಪುಗಳು ಸರಿಯಾಗಿ ಹಳದಿ, ಅಂದರೆ ಕೆಂಪು ಹಸಿರು ಎರಡೂ ಇದೆ. ಮಿದುಳಿನ ಮುಂಭಾಗ, ನಡುಗೆರೆಯ ಹತ್ತಿರದ ಪ್ಯಾಮ್ ಎಂಬ ಡೋಪಮಿನ್ ಕೋಶಗಳ ಗುಂಪಿಗೆ ಬಂದಾಗ ಎದೆ ಧಸಕ್ಕೆಂದಿತು. ಒಂದು ಪಕ್ಕಕ್ಕೆ ನೂರರ ಆಸುಪಾಸು ಕೋಶ, ಕೆಂಪು ದಾಳಿಂಬೆ ಬೀಜದ ಹಾಗೆ ಒತ್ತೊತ್ತಾಗಿ. ಹಸಿರು ಮಾತ್ರ ಹತ್ತು ಹನ್ನೆರಡರಲ್ಲಿ.

ನನ್ನದೇ ತಪ್ಪು ಅಂದುಕೊಂಡೆ. ಚಿಮಟ ತಾಗಿತೇನೋ, ಫಿಕ್ಸ್ ಆಗಿಲ್ಲವೇನೋ ಅಂತ ಎರಡು ವಾರ ಸುಮ್ನೆ ಮತ್ತೆ ಮತ್ತೆ ಮಿದುಳು ಬಿಡಿಸಿದೆ. ಪ್ರತಿ ಸಲವೂ ಅದೇ ಚಿತ್ರ. ಕೊನೆಗೆ ಬೆಂಗಳೂರಿನ ಲ್ಯಾಬಿನ ಸೀನಿಯರ್ ಅಕ್ಕ ಒಬ್ಬಳು ನೋಡಿ, ‘ಅಯ್ಯೋ, ಆ ಲೈನೇ ಹಾಗೆ ಮಾರಾಯ’ ಅಂದಳು. ಆ ಲೈನಿನಲ್ಲಿರುವ ಟಿಎಚ್ ತುಣುಕಿಗೆ ಪ್ಯಾಮ್ ಗುಂಪಿನ ಬಹುಪಾಲು ಕೋಶಗಳನ್ನು ಹೊತ್ತಿಸುವ ಶಕ್ತಿ ಇಲ್ಲ. ಅಲ್ಲಿ ಜೀನ್ ಸರಿಯಾಗೇ ನಡೆಯುತ್ತಿದೆ, ಅದಕ್ಕೇ ಕೆಂಪು ಬಂದದ್ದು. ಆಮೇಲೆ ಅವಳೇ ಆರ್58ಇ02 ಎಂಬ ಇನ್ನೊಂದು ಗಾಲ್4 ಲೈನಿನ ಬಾಟಲಿ ಕೊಟ್ಟಳು, ಇದರಲ್ಲಿರುವುದು ಡೋಪಮಿನ್ ಟ್ರಾನ್ಸ್‌ಪೋರ್ಟರ್ (ಡೋಪಮಿನ್ನನ್ನು ಕೋಶದೊಳಗೆ ವಾಪಸ್ ಎಳೆದುಕೊಳ್ಳುವ ಪ್ರೋಟೀನ್) ಜೀನಿನ ಒಂದು ತುಣುಕು. ಊರಿಗೆ ತಂದು, ಕೂಡಿಸಿ, ಮತ್ತೆ ಬಸ್ಸು ಹತ್ತಿದೆ. ಈ ಸಲ ಪ್ಯಾಮ್ ಗುಂಪು ತುಂಬಾ ಹಸಿರು, ಹಿಂದಿನ ಸಲ ಬೆಳಗಿದ್ದ ಗುಂಪುಗಳು ಹೆಚ್ಚುಕಮ್ಮಿ ಎಲ್ಲ ಕತ್ತಲೆ.